ಕೆಐಒಸಿಎಲ್ ಷೇರು: ಆಡಳಿತವನ್ನು ನಂಬಿ ಕಾಯಬಹುದೇ?

ಪಣಂಬೂರಿನವಳು:
ತಂದೆಯವರ ಹೆಸರಿನಲ್ಲಿದ್ದ ಕೆಐಒಸಿಎಲ್ (ಹಿಂದಿನ ಕುದುರೆಮುಖ ಕಬ್ಬಿಣದ ಅದಿರು ಕಂಪನಿ) ಷೇರುಗಳು ಈಗ ನನ್ನ ಡಿಮ್ಯಾಟ್ ಖಾತೆಗೆ ಬಂದಿವೆ. 2021-22ರಲ್ಲಿ 300 ಕೋಟಿ ರೂಪಾಯಿಗೂ ಮಿಕ್ಕಿ ಲಾಭ ಮಾಡಿದ್ದ ಕಂಪನಿ ಮರುವರ್ಷವೇ ಸುಮಾರು 97 ಕೋಟಿ ನಷ್ಟಕ್ಕೆ ಬಿತ್ತು. 2023-24ರ ನಷ್ಟವೂ 80 ಕೋಟಿ ದಾಟಿತು. ಅದಿರಿನ ವ್ಯಾಪಾರದಲ್ಲಿ ಏರಿಳಿತ ಇದ್ದದ್ದೇ, ಅದಕ್ಕೆ ನನ್ನ ತಕರಾರಿಲ್ಲ. ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಲ್ಲಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು. ಅಷ್ಟು ಮೊದಲೇ ಗೊತ್ತಿದ್ದೂ ಕಂಪನಿ ಇಂದಿಗೂ ಸ್ವಂತ ಗಣಿಯಿಂದ ಅದಿರು ತೆಗೆಯುತ್ತಿಲ್ಲ. ಸಂಡೂರಿನ ದೇವದಾರಿ ಗಣಿ ಬಂದೇ ಬಿಡುತ್ತದೆ ಎಂದು ವರ್ಷವರ್ಷವೂ ನಮ್ಮ ಮೂಗಿಗೆ ತುಪ್ಪ ಸವರಲಾಗುತ್ತಿದೆ. ಈ ಆಡಳಿತವನ್ನು ನಂಬಬಹುದೇ?

ಲೆಕ್ಕಪತ್ರ:
2022-23ರ ನಷ್ಟವನ್ನು ಪೂರ್ತಿ ಆಡಳಿತದ ತಲೆಗೆ ಕಟ್ಟಬೇಡಿ. ಕೇಂದ್ರ ಸರ್ಕಾರ 2022ರ ಮೇ ತಿಂಗಳಲ್ಲಿ ಪೆಲೆಟ್ (ಕಂಪನಿ ಅದಿರಿನ ಪುಡಿಯಿಂದ ಮಾಡುವ ಉಂಡೆ) ರಫ್ತಿನ ಮೇಲೆ 45% ಸುಂಕ ಹೇರಿ ನವೆಂಬರ್‌ನಲ್ಲಿ ತೆಗೆಯಿತು. ರಫ್ತನ್ನೇ ನೆಚ್ಚಿಕೊಂಡ ಕಾರ್ಖಾನೆಗೆ ಅದು ದೊಡ್ಡ ಪೆಟ್ಟು. ಸುಂಕ ಹೋದ ಮೇಲೂ ನಷ್ಟ ಏಕೆ ಎಂದರೆ ಅದಿರು ಬರುವ ದಾರಿ ನೋಡಿ. ಹಿಂದೆ ಕುದುರೆಮುಖದ ಅದಿರಿನ ರಾಡಿ ಕೊಳವೆಯೊಳಗೆ ಘಟ್ಟ ಇಳಿದು ಮಂಗಳೂರು ಸೇರುತ್ತಿತ್ತು. ಈಗ ಛತ್ತೀಸಗಢದ ಬೈಲಾಡಿಲದ ಅದಿರು ಪೂರ್ವ ಕರಾವಳಿಗೆ ರೈಲಿನಲ್ಲಿ ಬಂದು, ಹಡಗು ಹತ್ತಿ, ದಕ್ಷಿಣ ಭಾರತವನ್ನೇ ಬಳಸಿಕೊಂಡು ಮಂಗಳೂರಿನ ಪಣಂಬೂರಿಗೆ ಬರಬೇಕು. ಪೆಲೆಟ್ ದರ ಸ್ವಲ್ಪ ಇಳಿದರೂ ಸಾಗಣೆ ವೆಚ್ಚ ಹುಟ್ಟುವುದಿಲ್ಲ.

ಸಂಡೂರಿನ ಓದುಗ:
ದೇವದಾರಿ ನಿಮಗೆ ವರದಿಯಲ್ಲಿನ ಹೆಸರು, ನಮಗೆ ಮನೆಯ ಹಿಂದಿನ ಬೆಟ್ಟ. ಸುಮಾರು 388 ಹೆಕ್ಟೇರ್ ಕಾಡು, 99 ಸಾವಿರದಷ್ಟು ಮರಗಳು. 2024ರ ಜೂನ್‌ನಲ್ಲಿ ಈ ಭೂಮಿಯನ್ನು ಕೊಡಬೇಡಿ ಎಂದು ರಾಜ್ಯದ ಅರಣ್ಯ ಸಚಿವರು ಅಧಿಕಾರಿಗಳಿಗೆ ಸೂಚಿಸಿದರು. ಕುದುರೆಮುಖದ ಕಾಡಿಗಾದ ಹಾನಿಯ ಬಾಕಿ ಕಂಪನಿ ಕಟ್ಟಿಲ್ಲ ಎಂಬುದೂ ಅವರು ಕೊಟ್ಟ ಕಾರಣಗಳಲ್ಲಿ ಒಂದು. ಹಳೆಯ ಕಾಡಿನ ಲೆಕ್ಕ ಚುಕ್ತಾ ಮಾಡದವರಿಗೆ ಹೊಸ ಕಾಡು ಕೇಳುವ ಮುಖ ಎಲ್ಲಿದೆ? ಷೇರುದಾರರು ಇದನ್ನೂ ಕೇಳಬೇಕು.

ಸಣ್ಣ ಹೂಡಿಕೆದಾರ:
ಕಂಪನಿಯ 99% ಷೇರು ಕೇಂದ್ರ ಸರ್ಕಾರದ್ದು. ಅಧ್ಯಕ್ಷರನ್ನು ನೇಮಿಸುವುದೂ ಅದೇ. ನಾವೆಲ್ಲ ವಿರೋಧವಾಗಿ ಮತ ಹಾಕಿದರೂ ನಿರ್ಣಯ ಬೀಳುವುದಿಲ್ಲ. ಮಾರುಕಟ್ಟೆಯಲ್ಲಿ ಓಡಾಡುವ ಷೇರು ಅತ್ಯಲ್ಪವಾದ್ದರಿಂದ ಬೆಲೆ ಏರಿದ್ದನ್ನು ಆಡಳಿತದ ಮೇಲಿನ ವಿಶ್ವಾಸ ಎಂದು ಓದಬೇಡಿ. ನನ್ನ ಸಲಹೆ ಕೇಳಿದರೆ, ಒಳ್ಳೆಯ ಬೆಲೆ ಇರುವಾಗ ಮಾರಿಬಿಡಿ.

ಪಣಂಬೂರಿನವಳು:
ಮಾರಿದರೆ ನನಗೆ ಹಣ ಬರುತ್ತದೆ, ಆದರೆ ಕೇಳುವವರು ಒಬ್ಬರು ಕಡಿಮೆಯಾಗುತ್ತಾರೆ. ಮತಕ್ಕೆ ಬೆಲೆಯಿಲ್ಲದಿದ್ದರೂ ವಾರ್ಷಿಕ ಸಭೆಯಲ್ಲಿ ಮಾತನಾಡಲು ಹೆಸರು ನೋಂದಾಯಿಸಬಹುದು, ನೋಂದಾಯಿಸುತ್ತೇನೆ. ಸಂಡೂರಿನವರ ಮಾತು ಸರಿ. ಕಾಡು ಕಡಿದು ನನಗೆ ಲಾಭಾಂಶ ಬರಲಿ ಎಂದು ನಾನು ಬಯಸುವುದಿಲ್ಲ. ದೇವದಾರಿ ಬಾರದೇ ಹೋದರೆ ಪೆಲೆಟ್ ಕಾರ್ಖಾನೆಯನ್ನು ಹೇಗೆ ನಡೆಸುತ್ತೀರಿ? ಕುದುರೆಮುಖದ ಬಾಕಿ ಎಷ್ಟೆಂದು ಒಪ್ಪುತ್ತೀರಿ, ಯಾವಾಗ ಕಟ್ಟುತ್ತೀರಿ? 2009ರಲ್ಲಿ ನಿಂತುಹೋದ ಊದುಕುಲುಮೆ (ಅದಿರು ಕರಗಿಸಿ ಕಬ್ಬಿಣ ತೆಗೆಯುವ) ಘಟಕಕ್ಕೆಂದು ಈ ನಷ್ಟದ ಕಾಲದಲ್ಲಿ ಕಲ್ಲಿದ್ದಲಿನಿಂದ ಕೋಕ್ ಇಂಧನ ಮಾಡುವ ಒಲೆಗೆ ಹಣ ಹಾಕುವುದರ ಲೆಕ್ಕಾಚಾರ ಏನು? ಈ ಮೂರನ್ನು ಕೇಳುತ್ತೇನೆ. ಇನ್ನೇನಾದರೂ ಸೇರಿಸಬೇಕಿದ್ದರೆ ತಿಳಿಸಿ.