ಮನೆಯಲ್ಲಿ ಚಾಕು ತಯಾರಿಸಲು ಕೈಗೆಟುಕುವ ಬೆಲ್ಟ್ ಗ್ರೈಂಡರ್: ಯಾವುದನ್ನು ಆರಿಸಿಕೊಳ್ಳಬೇಕು?

ತುಂಗಾತೀರ (ಶಿವಮೊಗ್ಗ):

ಎಲ್ಲರಿಗೂ ನಮಸ್ಕಾರ. ಅಡುಗೆಮನೆಯ ಚಾಕುಗಳನ್ನೂ ತೋಟದ ಕೆಲಸಕ್ಕೆ ಬೇಕಾಗುವ ಸಣ್ಣ ಕತ್ತಿಗಳನ್ನೂ ಇದುವರೆಗೆ ಅರ ಮತ್ತು ಎಮರಿ ಕಾಗದದಿಂದಲೇ ಮಾಡಿಕೊಂಡು ಬಂದಿದ್ದೇನೆ. ಲಾರಿಯ ಹಳೆಯ ಕಮಾನು ಪಟ್ಟಿ ಹಾಗೂ ಇಎನ್ 31 ಎಂಬ ಬೇರಿಂಗ್ ಉಕ್ಕನ್ನು ಬಳಸುತ್ತೇನೆ. ಅಲಗಿನ ಉದ್ದ 8 ಇಂಚನ್ನು ಮೀರುವುದಿಲ್ಲ. ಎರಡೂ ಮಗ್ಗುಲನ್ನು ಅರದಿಂದ ಸಮನಾಗಿ ಇಳಿಸುವಷ್ಟರಲ್ಲಿ ರಜೆಯ ದಿನವೆಲ್ಲ ಮುಗಿದುಹೋಗುವುದರಿಂದ, ಓಡುವ ಎಮರಿ ಪಟ್ಟಿಯಿಂದ ಉಕ್ಕನ್ನು ತೇಯುವ ಬೆಲ್ಟ್ ಗ್ರೈಂಡರ್ ಒಂದನ್ನು ಹೊಂದಿಸಿಕೊಳ್ಳಬೇಕೆಂದಿದ್ದೇನೆ.

ಮೋಟಾರೂ ಸೇರಿ ₹35,000ದೊಳಗೆ ಮುಗಿಯಬೇಕು. ಮನೆಯ ಹಿಂದಿನ ಶೆಡ್ಡಿನಲ್ಲಿ ಸಿಂಗಲ್ ಫೇಸ್ ವಿದ್ಯುತ್ತಿನ 16 ಆಂಪಿಯರ್ ಪಾಯಿಂಟ್ ಇದೆ. ಮರಗೆಲಸದವರು ಬಳಸುವ, 4×36 ಇಂಚಿನ (ಅಗಲ × ಉದ್ದ) ಬೆಲ್ಟೂ ಪಕ್ಕದಲ್ಲಿ ಡಿಸ್ಕೂ ಇರುವ ಯಂತ್ರವನ್ನು ಕೊಳ್ಳುವುದು ಒಂದು ದಾರಿ. 1×30 ಇಂಚಿನ ಪುಟ್ಟ ಯಂತ್ರ ಇನ್ನೊಂದು. ಇಲ್ಲಿನ ಫ್ಯಾಬ್ರಿಕೇಷನ್ ಅಂಗಡಿಯಲ್ಲಿ 2×72 ಇಂಚಿನ ಬೆಲ್ಟಿಗೆ ಚೌಕಟ್ಟು ಮಾಡಿಸಿ ಮೋಟಾರ್ ಬೇರೆಯಾಗಿ ತರುವುದು ಮೂರನೆಯದು. ಎಷ್ಟು ಎಚ್‌ಪಿ ಮೋಟಾರ್ ಬೇಕು, ವೇಗ ಬದಲಿಸುವ ವ್ಯವಸ್ಥೆ ನಿಜಕ್ಕೂ ಅಗತ್ಯವೇ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಕುಲುಮೆಮನೆ (ಸಾಗರ):

ತುಂಗಾತೀರ ಅವರೇ, ಯಂತ್ರಕ್ಕಿಂತ ಮೊದಲು ಬೆಲ್ಟಿನ ಅಳತೆಯನ್ನು ನಿರ್ಧರಿಸಿಕೊಳ್ಳಿ. ಯಂತ್ರಕ್ಕೆ ಹಣ ಹಾಕುವುದು ಒಂದೇ ಸಲ, ಬೆಲ್ಟಿಗೆ ಮಾತ್ರ ಕೆಲಸ ನಡೆದಷ್ಟು ಕಾಲವೂ ಹಾಕುತ್ತಲೇ ಇರಬೇಕು. 1×30ರ ಬೆಲ್ಟಿನಲ್ಲಿ ಉಕ್ಕನ್ನು ತೇಯುವ ಮೈ 30 ಚದರ ಇಂಚು. 2×72ರಲ್ಲಿ ಅದು 144 ಚದರ ಇಂಚು. ಬೆಲ್ಟ್ ಉದ್ದವಾದಷ್ಟೂ ಅದರ ಹರಳುಗಳು ಉಕ್ಕಿಗೆ ತಾಗಿ ಹೋಗಿ ಮತ್ತೆ ಬರುವುದರೊಳಗೆ ತಣಿಯಲು ಹೆಚ್ಚು ಸಮಯ ಸಿಗುತ್ತದೆ, ಸವೆತವೂ ನಿಧಾನವಾಗುತ್ತದೆ. ಚಾಕು ಮಾಡುವವರಿಗೆಂದೇ ತಯಾರಾಗುವ ಒಳ್ಳೆಯ ಸೆರಾಮಿಕ್ ಹರಳಿನ ಬೆಲ್ಟುಗಳು ಹೆಚ್ಚಾಗಿ 2×72ರ ಅಳತೆಯಲ್ಲಿಯೇ ಸಿಗುತ್ತವೆ. ಹೀಗಾಗಿ ನಿಮ್ಮ ಮೂರನೆಯ ದಾರಿಯೇ ಸರಿ ಎಂದು ನನಗೆ ಅನ್ನಿಸುತ್ತದೆ.

ಮರಗೆಲಸದ ಯಂತ್ರವನ್ನು ಹಿಡಿಯ ಕಟ್ಟಿಗೆ ಸಮತಟ್ಟು ಮಾಡಲು ಧಾರಾಳವಾಗಿ ಬಳಸಬಹುದು, ಆದರೆ ಅಲಗಿಗೆ ಅದು ಒಗ್ಗುವುದಿಲ್ಲ. ಅಲಗಿನ ಇಳಿಜಾರು ಹಿಡಿಯ ಹತ್ತಿರ ಬಂದು ನಿಲ್ಲುವ ಗೆರೆಯನ್ನು ಒಂದು ಮಗ್ಗುಲಿಗೆ ಬೆಲ್ಟಿನ ಎಡ ಅಂಚಿನಿಂದ, ಇನ್ನೊಂದು ಮಗ್ಗುಲಿಗೆ ಬಲ ಅಂಚಿನಿಂದ ತೆಗೆಯಬೇಕು. ಆ ಯಂತ್ರದಲ್ಲಿ ಒಂದು ಪಕ್ಕಕ್ಕೆ ಹೊದಿಕೆ ಅಡ್ಡ ಬರುವುದರಿಂದ ಎರಡೂ ಕಡೆಯ ಗೆರೆಗಳನ್ನು ಸರಿಹೊಂದಿಸುವುದು ಕಷ್ಟ. ನೀವೇ ಮಾಡಿಸುವ ಚೌಕಟ್ಟಿನಲ್ಲಿ ಬೆಲ್ಟಿನ ಹಿಂದಿರುವ ಸಪಾಟು ತಟ್ಟೆಯ ಎರಡೂ ಅಂಚು ತೆರೆದಿರಲಿ. ಬೆಲ್ಟನ್ನು ಆ ಅಂಚಿನಿಂದ ಒಂದೆರಡು ಮಿಲಿಮೀಟರ್ ಹೊರಕ್ಕೆ ಚಾಚಿ ಓಡಿಸಿದರೆ ಗೆರೆ ಕಚ್ಚಿದಂತೆ ಕಾಣದೆ ನಯವಾಗಿ ಮೂಡುತ್ತದೆ.

1×30ರ ಯಂತ್ರವನ್ನು ಸಾಣೆ ಹಿಡಿಯುವ ಕೆಲಸಕ್ಕೆ ಮಾತ್ರ ಕೊಳ್ಳಬಹುದು.

ವೈಂಡಿಂಗ್ ಅಂಗಡಿ (ಹುಬ್ಬಳ್ಳಿ):

ಬೆಲ್ಟಿನ ವಿಷಯದಲ್ಲಿ ಹಿಂದಿನವರು ಹೇಳಿದ್ದನ್ನು ನಾನೂ ಒಪ್ಪುತ್ತೇನೆ. ಮೋಟಾರಿನ ಬಗ್ಗೆ ಕೆಲವು ಮಾತುಗಳನ್ನು ಸೇರಿಸುತ್ತೇನೆ, ಏಕೆಂದರೆ ಹೆಚ್ಚಿನವರ ಹಣ ಪೋಲಾಗುವುದು ಇಲ್ಲಿಯೇ.

ವೇಗ ಬದಲಿಸುವ ವ್ಯವಸ್ಥೆ ಬೇಕೇ ಬೇಕು, ಅದಕ್ಕೆ ವಿಎಫ್‌ಡಿಯೇ (ವಿದ್ಯುತ್ತಿನ ಆವರ್ತನವನ್ನು ಬದಲಿಸಿ ಮೋಟಾರಿನ ವೇಗ ಬದಲಿಸುವ ಸಾಧನ) ಸೂಕ್ತ. ಆದರೆ ಮನೆಯಲ್ಲಿ ಸಿಂಗಲ್ ಫೇಸ್ ಇದೆಯೆಂದು ಸಿಂಗಲ್ ಫೇಸ್ ಮೋಟಾರನ್ನೇ ತಂದು, ಆಮೇಲೆ ಅದಕ್ಕೆ ವಿಎಫ್‌ಡಿ ಜೋಡಿಸಲು ಹೋಗಬೇಡಿ. ಕೆಪಾಸಿಟರ್ ಮತ್ತು ಸೆಂಟ್ರಿಫ್ಯೂಗಲ್ ಸ್ವಿಚ್ ಇರುವ ಮೋಟಾರಿಗೆ ಅದು ಹೊಂದುವುದಿಲ್ಲ. 230 ವೋಲ್ಟಿನ ಸಿಂಗಲ್ ಫೇಸ್ ಒಳಗೆ ತೆಗೆದುಕೊಂಡು 230 ವೋಲ್ಟಿನ ತ್ರೀ ಫೇಸ್ ಹೊರಗೆ ಕೊಡುವ ವಿಎಫ್‌ಡಿಯನ್ನೂ ಅದಕ್ಕೆ ತ್ರೀ ಫೇಸ್ ಮೋಟಾರನ್ನೂ ತೆಗೆದುಕೊಳ್ಳಿ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಮ್ಮಲ್ಲಿ ಸಿಗುವ 3 ಎಚ್‌ಪಿವರೆಗಿನ ತ್ರೀ ಫೇಸ್ ಮೋಟಾರುಗಳನ್ನು ಸಾಮಾನ್ಯವಾಗಿ 415 ವೋಲ್ಟಿಗೆ ಸ್ಟಾರ್ ಜೋಡಣೆಯಲ್ಲಿ (ಮೂರು ಸುರುಳಿಗಳ ಒಂದೊಂದು ತುದಿ ಒಂದೇ ಗಂಟಿನಲ್ಲಿ ಸೇರುವುದು) ಕೊಡುತ್ತಾರೆ. ಸ್ಟಾರ್‌ನಲ್ಲಿ ಒಂದೊಂದು ಸುರುಳಿಗೆ ಸಿಗುವುದು ಸುಮಾರು 240 ವೋಲ್ಟ್ ಮಾತ್ರ. ಆದ್ದರಿಂದ ಅದೇ ಮೋಟಾರನ್ನು ಡೆಲ್ಟಾಕ್ಕೆ (ಮೂರು ಸುರುಳಿಗಳನ್ನು ತ್ರಿಕೋನದಂತೆ ತುದಿಗೆ ತುದಿ ಸೇರಿಸುವುದು) ಬದಲಿಸಿದರೆ ವಿಎಫ್‌ಡಿಯ 230 ವೋಲ್ಟಿನಲ್ಲಿ ಬಹುಮಟ್ಟಿಗೆ ಪೂರ್ಣ ಶಕ್ತಿಯಿಂದ ಓಡುತ್ತದೆ. ಅಂಗಡಿಯಲ್ಲಿಯೇ ಟರ್ಮಿನಲ್ ಪೆಟ್ಟಿಗೆಯನ್ನು ತೆರೆಸಿ ನೋಡಿ: ಆರು ತುದಿಗಳು ಹೊರಗೆ ಬಂದಿದ್ದರೆ ಲಿಂಕ್ ಪಟ್ಟಿಗಳನ್ನು ಬದಲಿಸಿದರೆ ಸಾಕು, ಮೂರೇ ಇದ್ದರೆ ಸ್ಟಾರ್ ಗಂಟು ಒಳಗಿದೆ ಎಂದರ್ಥ, ಅದನ್ನು ವೈಂಡಿಂಗ್ ಬಲ್ಲವರಿಂದ ಬಿಚ್ಚಿಸಿ ತಂತಿಗಳನ್ನು ಹೊರಗೆ ತೆಗೆಸಬೇಕಾಗುತ್ತದೆ. ಡೆಲ್ಟಾದಲ್ಲಿ ಕರೆಂಟ್ 1.73 ಪಟ್ಟು ಹೆಚ್ಚುತ್ತದೆ. ನಾಮಫಲಕದಲ್ಲಿ 2.6 ಆಂಪಿಯರ್ ಎಂದಿದ್ದರೆ 4.5 ಆಂಪಿಯರ್ ಎಂದು ಲೆಕ್ಕ ಹಿಡಿದು, ಅದಕ್ಕಿಂತ ಹೆಚ್ಚು ಕೊಡಬಲ್ಲ ವಿಎಫ್‌ಡಿಯನ್ನು ಆರಿಸಿಕೊಳ್ಳಿ.

ನಿಮ್ಮ ಅಲಗಿನ ಅಳತೆಗೆ 1.5 ಎಚ್‌ಪಿ ಸಾಕು. 2 ಎಚ್‌ಪಿ ಇದ್ದರೆ ಒಳ್ಳೆಯದೇ, ಆದರೆ ಪೂರ್ಣ ಹೊರೆ ಬಿದ್ದಾಗ ಅದು ನಿಮ್ಮ 16 ಆಂಪಿಯರ್ ಪಾಯಿಂಟಿನ ಮಿತಿಯ ಹತ್ತಿರಕ್ಕೆ ಬರುತ್ತದೆ. ಅರ್ತಿಂಗ್ ಸರಿಯಾಗಿದೆಯೇ ಎಂದು ಮೊದಲೇ ಪರೀಕ್ಷಿಸಿಕೊಳ್ಳಿ.

ತುಂಗಾತೀರ:

ಇಷ್ಟು ವಿವರವಾಗಿ ಬರೆದುದಕ್ಕೆ ಇಬ್ಬರಿಗೂ ಕೃತಜ್ಞತೆಗಳು. ಹೋಟೆಲಿನ ರುಬ್ಬುವ ಯಂತ್ರದಿಂದ ಬಿಚ್ಚಿದ 1 ಎಚ್‌ಪಿ, 1,440 ಆರ್‌ಪಿಎಂ ಸಿಂಗಲ್ ಫೇಸ್ ಮೋಟಾರ್ ಒಂದು ಪರಿಚಿತರ ಬಳಿ ಇದೆ. ವಿಎಫ್‌ಡಿಗೆ ಹಣ ಸೇರಿಸುವವರೆಗೆ ಅದನ್ನು ಬಳಸಬಹುದೇ? ಬೆಲ್ಟನ್ನು ಓಡಿಸುವ ಡ್ರೈವ್ ವೀಲ್ ಎಷ್ಟು ದೊಡ್ಡದಿರಬೇಕು?

ಪೀಣ್ಯದ ಟರ್ನರ್ (ಬೆಂಗಳೂರು):

ಬಳಸಬಹುದು, ಆದರೆ ಎರಡು ಷರತ್ತುಗಳಿವೆ. ಮೋಟಾರಿನ ಮೈಯಲ್ಲಿ ಗಾಳಿಯಾಡಲು ಕಿಂಡಿಗಳಿದ್ದರೆ ಬೇಡ. ಉಕ್ಕಿನ ಪುಡಿ ಒಳಗೆ ಸೇರಿ ವೈಂಡಿಂಗನ್ನು ಹಾಳು ಮಾಡುತ್ತದೆ. ಸುತ್ತಲೂ ಮುಚ್ಚಿದ್ದು ಹಿಂದುಗಡೆ ಫ್ಯಾನ್ ಇರುವಂಥದ್ದಾದರೆ, ಮೂರು ಮೆಟ್ಟಿಲಿನ ಪುಲ್ಲಿಯನ್ನೂ ವಿ-ಬೆಲ್ಟನ್ನೂ ಹಾಕಿ ಮೂರು ವೇಗಗಳನ್ನು ಪಡೆಯಬಹುದು. ವೇಗ ಬದಲಿಸಲು ಪ್ರತಿ ಸಲವೂ ನಿಲ್ಲಿಸಬೇಕು ಎಂಬುದೊಂದೇ ಅದರ ತೊಡಕು.

ಡ್ರೈವ್ ವೀಲಿನ ಲೆಕ್ಕ ಸುಲಭ. ವ್ಯಾಸವನ್ನು 3.14ರಿಂದಲೂ ಮೋಟಾರಿನ ಸುತ್ತುಗಳಿಂದಲೂ ಗುಣಿಸಿದರೆ ಬೆಲ್ಟ್ ನಿಮಿಷಕ್ಕೆ ಓಡುವ ದೂರ ಸಿಗುತ್ತದೆ. 1,440 ಆರ್‌ಪಿಎಂ ಮೋಟಾರಿಗೆ 100 ಮಿ.ಮೀ. ವೀಲ್ ಹಾಕಿದರೆ ಸೆಕೆಂಡಿಗೆ ಸುಮಾರು 7.5 ಮೀಟರ್, 150 ಮಿ.ಮೀ. ಹಾಕಿದರೆ ಸುಮಾರು 11 ಮೀಟರ್. ನಾನಾದರೆ 150ನ್ನೇ ಆರಿಸುತ್ತೇನೆ. ಉಕ್ಕನ್ನು ಬೇಗ ಇಳಿಸಲು 11 ಮೀಟರ್ ಸಾಲುತ್ತದೆ, ಮುಂದೆ ವಿಎಫ್‌ಡಿ ಬಂದಾಗ ವಿದ್ಯುತ್ತಿನ ಆವರ್ತನವನ್ನು 50ರಿಂದ 20 ಹರ್ಟ್ಸ್‌ಗೆ ಇಳಿಸಿದರೆ 4.5 ಮೀಟರ್ ಆಗಿ ನಾಜೂಕು ಕೆಲಸಕ್ಕೂ ಒದಗುತ್ತದೆ.

ಎಸ್‌ಜೆಪಿ ರಸ್ತೆಗೆ ಬಂದರೆ ಬೇರಿಂಗ್, ಪುಲ್ಲಿ, ಮೋಟಾರ್ ಎಲ್ಲವೂ ಅಕ್ಕಪಕ್ಕದಲ್ಲೇ ಸಿಗುತ್ತವೆ. ವೀಲುಗಳನ್ನು ಮಾತ್ರ ಲೇಥ್ ಗೊತ್ತಿರುವವರ ಕೈಯಲ್ಲಿ ಅಲ್ಯೂಮಿನಿಯಂನಲ್ಲಿ ಮಾಡಿಸಿ. ಬೆಲ್ಟ್ ದಾರಿ ತಪ್ಪದಂತೆ ಹಿಡಿಯುವ ಮೇಲಿನ ಟ್ರ್ಯಾಕಿಂಗ್ ವೀಲಿನ ನಡುಭಾಗ ಅಂಚುಗಳಿಗಿಂತ ಸ್ವಲ್ಪ ಉಬ್ಬಿರಬೇಕು. ಆ ಉಬ್ಬಿಲ್ಲದಿದ್ದರೆ ಬೆಲ್ಟ್ ಪಕ್ಕಕ್ಕೆ ಸರಿದು ಕಳಚಿಕೊಳ್ಳುತ್ತದೆ. ಬೇರಿಂಗುಗಳಿಗೆ ಎರಡೂ ಬದಿ ರಬ್ಬರ್ ಸೀಲ್ ಇರಲಿ. 1,440 ಆರ್‌ಪಿಎಂನ 1.5 ಎಚ್‌ಪಿ ಮೋಟಾರ್ ಸಾಮಾನ್ಯವಾಗಿ 90ರ ಫ್ರೇಮಿನಲ್ಲಿ (ಮೋಟಾರಿನ ಗಾತ್ರದ ದರ್ಜೆ) ಬರುತ್ತದೆ, ಅದರ ಶಾಫ್ಟ್ 24 ಮಿ.ಮೀ., ವೀಲನ್ನು ಶಾಫ್ಟಿಗೆ ಬಂಧಿಸುವ ಕೀ 8 ಮಿ.ಮೀ. ಈಗಿನ ಹಳೆಯ ಮೋಟಾರಿನ ಶಾಫ್ಟಿಗೆ ತಕ್ಕಂತೆ ವೀಲ್ ಕೊರೆಸಿದರೆ ಮುಂದೆ ಮತ್ತೆ ಖರ್ಚಾಗುತ್ತದೆ. ಆದ್ದರಿಂದ ವೀಲನ್ನು ಪ್ರತ್ಯೇಕ 24 ಮಿ.ಮೀ. ಶಾಫ್ಟಿನ ಮೇಲೆ ಕೂರಿಸಿ ಪುಲ್ಲಿಯಿಂದ ತಿರುಗಿಸಿ. ಹೊಸ ಮೋಟಾರ್ ಬಂದ ದಿನ ಅದೇ ವೀಲನ್ನು ನೇರವಾಗಿ ಅದಕ್ಕೆ ಹಾಕಿಕೊಳ್ಳಬಹುದು.

ಕುಲುಮೆಮನೆ (ಸಾಗರ):

ವೇಗ ಏಕೆ ಇಳಿಯಬೇಕು ಎಂಬುದನ್ನು ಹೇಳದೆ ಬಿಟ್ಟಿದ್ದೆ. ಹದ ಕೊಟ್ಟ ಅಲಗನ್ನು ನಾವು ಹೆಚ್ಚಾಗಿ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಟೆಂಪರ್ ಮಾಡುತ್ತೇವೆ (ಬಿರುಸು ತಗ್ಗಲು ಮತ್ತೆ ಕಾಯಿಸುತ್ತೇವೆ). ಬಾಯಿಯ ತೆಳುವಾದ ಅಂಚು ಗ್ರೈಂಡರಿನಲ್ಲಿ ಅದಕ್ಕಿಂತ ಹೆಚ್ಚು ಕಾದರೆ ಅಲ್ಲಿನ ಗಡಸುತನ ಹೋಗುತ್ತದೆ. ನೀಲಿ ಬಣ್ಣ ಕಂಡಿತೆಂದರೆ ಅದು 300 ಡಿಗ್ರಿಯ ಹತ್ತಿರ ಹೋಗಿದೆ ಎಂದೇ ತಿಳಿಯಬೇಕು. ಆ ಹಂತದಲ್ಲಿ ನಿಧಾನ ವೇಗ, ಹೊಸ ಬೆಲ್ಟ್, ಪಕ್ಕದಲ್ಲಿ ನೀರಿನ ಬಕೆಟ್ ಮೂರೂ ಬೇಕು. ಅಲಗನ್ನು ಬರಿಗೈಯಲ್ಲಿ ಹಿಡಿದರೆ ಬಿಸಿ ತಕ್ಷಣ ಗೊತ್ತಾಗುತ್ತದೆ, ತಿರುಗುವ ಬೆಲ್ಟಿನ ಬಳಿ ಬಟ್ಟೆಯ ಕೈಗವಸು ಹೇಗೂ ಅಪಾಯಕಾರಿ.

₹35,000ದಲ್ಲಿ ಕನ್ನಡಕಕ್ಕೂ ಧೂಳು ತಡೆಯುವ ಎಫ್‌ಎಫ್‌ಪಿ2 ದರ್ಜೆಯ ಮಾಸ್ಕಿಗೂ ಮೊದಲೇ ಹಣ ತೆಗೆದಿಡಿ. ವಿಎಫ್‌ಡಿಯನ್ನು ಧೂಳು ಹೋಗದ ಪೆಟ್ಟಿಗೆಯಲ್ಲಿಡಿ. ಉಕ್ಕಿನ ಪುಡಿ ವಿದ್ಯುತ್ತನ್ನು ಹಾಯಿಸುತ್ತದೆ. ಕಿಡಿಗಳು ಬೀಳುವ ಜಾಗದಲ್ಲಿ ಕಟ್ಟಿಗೆಯ ಹೊಟ್ಟು ಉಳಿಯಬಾರದು.

ಬೆಲ್ಟ್ ತರಿಸುವಾಗ 60, 120, 220, 400 ಗ್ರಿಟ್‌ಗಳಲ್ಲಿ (ಅಂಕಿ ಹೆಚ್ಚಿದಷ್ಟೂ ಹರಳು ಸಣ್ಣದು) ಶುರುಮಾಡಿ. 60ರದ್ದು ಮಾತ್ರ ಸೆರಾಮಿಕ್ ಆಗಿರಲಿ, ಅದೂ 1.5 ಎಚ್‌ಪಿ ಮೋಟಾರ್ ಬಂದ ಮೇಲೆ. ಸೆರಾಮಿಕ್ ಹರಳು ಒಡೆದು ಹೊಸ ಮೊನೆ ಕೊಡಬೇಕಾದರೆ ಒತ್ತಡ ಬೇಕು, ದುರ್ಬಲ ಮೋಟಾರಿನಲ್ಲಿ ಅದು ನುಣುಪಾಗಿ ಸುಮ್ಮನೆ ಉಜ್ಜುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಬೆಲ್ಟಿನ ಬಟ್ಟೆ ತೇವ ಹೀರಿ ಮುದುಡುವುದರಿಂದ, ಜೂನ್‌ಗೆ ಮುಂಚೆ ಹೆಚ್ಚು ದಾಸ್ತಾನು ಮಾಡಬೇಡಿ. ಇರುವುದನ್ನು ಮೊಳೆಗೆ ಸಿಕ್ಕಿಸದೆ ದಪ್ಪ ಪೈಪಿನ ಮೇಲೆ ತೂಗುಹಾಕಿ.