ನಮಂಗಾ ಗಡಿ ದಾಟುವಾಗ ಕೈಯಲ್ಲಿ ಏನಿರಬೇಕು?

ಪ್ರಶ್ನೆ: ಹುಬ್ಬಳ್ಳಿಯಿಂದ ನಾವು ನಾಲ್ವರು ಒಂದು ಟೂರ್ ಗುಂಪಿನ ಜೊತೆ ಹೊರಟಿದ್ದೇವೆ. ಕೀನ್ಯಾದಲ್ಲಿ ನೈರೋಬಿ, ಅಂಬೊಸೆಲಿ ನೋಡಿಕೊಂಡು ನಮಂಗಾದಲ್ಲಿ ಗಡಿ ದಾಟಿ ಟಾಂಜಾನಿಯಾದ ಅರುಷಾಗೆ ಹೋಗುತ್ತೇವೆ. ಗಡಿಯಲ್ಲಿ ವ್ಯಾನ್ ಬದಲಾಗುತ್ತದಂತೆ. ಅಮ್ಮನಿಗೆ 64 ವರ್ಷ. ರಸ್ತೆ ಮೇಲೆ ಗಡಿ ದಾಟಿ ನಮಗೆ ಅಭ್ಯಾಸವಿಲ್ಲ. ತೊಂದರೆ ಆಗುತ್ತದಾ?

ಉತ್ತರ (ಟೂರ್ ಮ್ಯಾನೇಜರ್): ಗಡಿಯ ಬಗ್ಗೆ ಹೆದರಬೇಡಿ. ಹಳದಿ ಜ್ವರದ ಲಸಿಕೆ ಕಾರ್ಡಿನ ಬಗ್ಗೆ ಮಾತ್ರ ಇವತ್ತೇ ಯೋಚನೆ ಮಾಡಿ. ಕೀನ್ಯಾದಿಂದ ಬರುವವರಿಗೆ ಟಾಂಜಾನಿಯಾ ಆ ಕಾರ್ಡ್ ಕೇಳುತ್ತದೆ. ಲಸಿಕೆ ಹಾಕಿಸಿದ 10 ದಿನದ ಮೇಲಷ್ಟೇ ಕಾರ್ಡಿಗೆ ಬೆಲೆ. ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಿ, ಬೇರೆ ಕಡೆ ಹಾಕಿಸಿದರೆ ಆ ಕಾರ್ಡ್ ನಡೆಯುವುದಿಲ್ಲ. ಅಮ್ಮನ ವಿಷಯ ಬೇರೆ. 60 ದಾಟಿದವರಿಗೆ ಈ ಲಸಿಕೆಯಿಂದ ಅಡ್ಡಪರಿಣಾಮದ ಅಪಾಯ ಸ್ವಲ್ಪ ಜಾಸ್ತಿ. ಅವರ ಕಾಯಿಲೆ, ಮಾತ್ರೆ, ಮೊಟ್ಟೆ ಅಲರ್ಜಿ ಎಲ್ಲವನ್ನೂ ಮೊದಲು ಡಾಕ್ಟರಿಗೆ ಹೇಳಿ. ಲಸಿಕೆ ಬೇಡ ಅಂತ ಅವರು ಹೇಳಿದರೆ ಪ್ರವಾಸದ ದಾರಿಯನ್ನೇ ಬದಲಿಸುವುದು ಒಳ್ಳೆಯದು. ದಯವಿಟ್ಟು ಇದನ್ನು ಕೊನೆ ವಾರಕ್ಕೆ ಬಿಡಬೇಡಿ.

ನಮಂಗಾದಲ್ಲಿ ಈಗ ಎರಡೂ ದೇಶದ ಕೆಲಸ ಒಂದೇ ಕಟ್ಟಡದಲ್ಲಿ ಮುಗಿಯುತ್ತದೆ. ನೀವು ಟಾಂಜಾನಿಯಾ ಕಡೆಯ ಕಟ್ಟಡಕ್ಕೆ ಹೋಗುತ್ತೀರಿ. ಮೊದಲು ಕೀನ್ಯಾದ ಅಧಿಕಾರಿ ಹೊರಹೋಗುವ ಮುದ್ರೆ ಹಾಕುತ್ತಾರೆ, ಆಮೇಲೆ ಟಾಂಜಾನಿಯಾದವರು ಒಳಬರುವ ಮುದ್ರೆ. ಎರಡೂ ಬಿದ್ದಿವೆಯಾ ಅಂತ ನೀವೇ ನೋಡಿಕೊಳ್ಳಿ. ಟಾಂಜಾನಿಯಾ ವೀಸಾವನ್ನು ಆನ್‌ಲೈನಿನಲ್ಲಿ ಮೊದಲೇ ಮಾಡಿಸಿ ಪ್ರಿಂಟ್ ಇಟ್ಟುಕೊಳ್ಳಿ. ಕೀನ್ಯಾಕ್ಕೆ ಈಗ ವೀಸಾ ಇಲ್ಲ, 2024ರಿಂದ ಇ-ಟಿಎ, ಅಂದರೆ ಹೊರಡುವ ಮೊದಲೇ ಆನ್‌ಲೈನಿನಲ್ಲಿ ಪಡೆಯುವ ಪ್ರಯಾಣದ ಅನುಮತಿ.

ವ್ಯಾನ್ ಬದಲಿಸುವುದು ನಿಮ್ಮ ಕಂಪನಿಯ ತಪ್ಪಲ್ಲ. ಎರಡು ದೇಶಗಳ ಹಳೆಯ ಒಪ್ಪಂದದಂತೆ ಕೀನ್ಯಾದ ಸಫಾರಿ ಗಾಡಿ ಟಾಂಜಾನಿಯಾದ ಕಾಡಿಗೆ ಹೋಗುವ ಹಾಗಿಲ್ಲ, ಅಲ್ಲಿಯದು ಇಲ್ಲಿಗೂ ಅಷ್ಟೇ. ಹಾಗಾಗಿ ಸಾಮಾನು ಇಳಿಸಿ ಇನ್ನೊಂದಕ್ಕೆ ಏರಿಸಬೇಕು. ಎಣಿಸಿಕೊಂಡು ಇಳಿಸಿ, ಎಣಿಸಿಕೊಂಡು ಏರಿಸಿ.

ಒಮ್ಮೆ ನನ್ನ ಗುಂಪಿನ ದಂಪತಿ ಕಾರ್ಡುಗಳನ್ನು ಸೂಟ್‌ಕೇಸಿನ ತಳದಲ್ಲಿ ಇಟ್ಟಿದ್ದರು. ಸೂಟ್‌ಕೇಸು ಗಾಡಿಯ ಮೇಲೆ ಹಗ್ಗ ಬಿಗಿದು ಕೂತಿತ್ತು. ಬಿಸಿಲಿನಲ್ಲಿ ಎಲ್ಲ ಬಿಚ್ಚಿ ಹುಡುಕುವಾಗ ಆ ಅಮ್ಮ ಅತ್ತುಬಿಟ್ಟರು. ಅಂದಿನಿಂದ ನಾನು ಪ್ರತಿಯೊಬ್ಬರಿಗೂ ಕೊರಳಿಗೆ ಹಾಕುವ ಪುಟ್ಟ ಚೀಲ ಕೊಡುತ್ತೇನೆ. ಪಾಸ್‌ಪೋರ್ಟು, ಕಾರ್ಡು, ವೀಸಾ ಪ್ರಿಂಟು ಅದರಲ್ಲೇ. ನನ್ನ ಕೈಗೂ ಕೊಡಬೇಡಿ ಅಂತ ಹೇಳುತ್ತೇನೆ.

ಮತ್ತೊಬ್ಬರ ಪ್ರಶ್ನೆ: ಡಾಲರನ್ನು ಗಡಿಯಲ್ಲೇ ಬದಲಿಸಬಹುದಾ? ರೊಟ್ಟಿ, ಚಟ್ನಿಪುಡಿ ಒಯ್ಯಬಹುದಾ?

ಉತ್ತರ: ಗಾಡಿ ಹತ್ತಿರ ಬಂದು ಶಿಲಿಂಗ್ ಕೊಡುತ್ತೇವೆ ಅನ್ನುವವರ ಹತ್ತಿರ ಬೇಡ. ಎರಡೂ ದೇಶದ ಹಣದ ಹೆಸರು ಶಿಲಿಂಗ್, ಆದರೆ ಬೆಲೆಯಲ್ಲಿ ಅಜಗಜಾಂತರ. ಬ್ಯಾಂಕಿನಲ್ಲೇ ಬದಲಿಸಿ. ಹರಿದ, ತೀರಾ ಹಳೆಯ ಡಾಲರ್ ನೋಟು ಒಯ್ಯಬೇಡಿ.

ರೊಟ್ಟಿ, ಚಟ್ನಿಪುಡಿಯನ್ನು ಡಬ್ಬಿಯಲ್ಲಿ ತುಂಬಿ. ಅಂಗಡಿಯ ಪ್ಲಾಸ್ಟಿಕ್ ಕವರ್ ಮಾತ್ರ ಬೇಡ. ಕೀನ್ಯಾ 2017ರಲ್ಲಿ, ಟಾಂಜಾನಿಯಾ 2019ರಲ್ಲಿ ಅದನ್ನು ನಿಷೇಧಿಸಿವೆ. ನಮ್ಮವರು ಚಪ್ಪಲಿಯಿಂದ ಹಿಡಿದು ಒದ್ದೆ ಬಟ್ಟೆವರೆಗೆ ಕವರಿನಲ್ಲೇ ಸುತ್ತುತ್ತೇವೆ ಅಲ್ವಾ? ಬಟ್ಟೆ ಚೀಲ ಇಟ್ಟುಕೊಳ್ಳಿ.

ಗಡಿಯಲ್ಲಿ ಮಣಿಸರ ಮಾರುವ ಅಲ್ಲಿನ ಮಸಾಯ್ ಬುಡಕಟ್ಟಿನ ಹೆಂಗಸರು ಸುತ್ತುವರಿಯುತ್ತಾರೆ. ಬೇಡವಾದರೆ ನಗುತ್ತಾ “ಹಪಾನಾ, ಅಸಾಂತೆ” ಅನ್ನಿ. ಬೇಡ, ಧನ್ಯವಾದ ಅಂತ ಅರ್ಥ. ಅವರ ಫೋಟೋ ಕೇಳದೆ ತೆಗೆಯಬೇಡಿ. ಗಡಿ ಕಚೇರಿಯದ್ದಂತೂ ತೆಗೆಯಲೇಬೇಡಿ.