ಚಳಿಗಾಲದಲ್ಲಿ ಹೊಳೆಗೆ ಇಳಿದು ಚಿನ್ನ ಹುಡುಕಬಹುದಾ?

ಹೊಸಗೈ
ಈ ಬೇಸಿಗೆಯಲ್ಲಿ ತಟ್ಟೆ ಹಿಡಿದು ಮರಳು ಜಾಲಿಸುವುದನ್ನು ಕಲಿತೆ. ನಾಲ್ಕು ಕಾಳು ಪುಡಿ ಸಿಕ್ಕ ಮೇಲೆ ಬಿಡುವುದಕ್ಕೆ ಮನಸ್ಸೇ ಬರುತ್ತಿಲ್ಲ. ಈಗ ದಡದಲ್ಲಿ ಮಂಜುಗಡ್ಡೆ ಕಟ್ಟಿದೆ, ಆದರೆ ಹೊಳೆ ಚೆನ್ನಾಗಿ ಇಳಿದಿದೆ, ಆಗ ಮುಳುಗಿದ್ದ ಬಂಡೆಗಳೆಲ್ಲ ಹೊರಗೆ ಕಾಣುತ್ತಿವೆ. ಹೋಗಲಾ, ಸುಮ್ನೆ ಕಾಯಲಾ?

ಜರಡಿ
ಹೋಗಿ. ನೀರು ಇಳಿದಾಗಲೇ ಒಳ್ಳೆ ಜಾಗ ಸಿಗುವುದು. ಚಿನ್ನ ನೀರಿಗಿಂತ 19 ಪಟ್ಟು ಭಾರ, ಮಾಮೂಲಿ ಮರಳು ಎರಡೂವರೆ ಪಟ್ಟು ಚಿಲ್ಲರೆ ಅಷ್ಟೇ, ಹಾಗಾಗಿ ನೆರೆ ಬಂದಾಗ ನೀರಿನ ಓಟ ಎಲ್ಲಿ ತಗ್ಗುತ್ತದೋ ಅಲ್ಲೇ ಅದು ಕೂತುಬಿಡುತ್ತದೆ. ತಿರುವಿನ ಒಳಮಗ್ಗುಲು ನೋಡಿ, ದೊಡ್ಡ ಬಂಡೆಯ ಹಿಂದೆ ನೋಡಿ. ಎಲ್ಲಕ್ಕಿಂತ ಮುಖ್ಯ ತಳಬಂಡೆಯ ಬಿರುಕು, ಅದರಲ್ಲೂ ಹರಿವಿಗೆ ಅಡ್ಡವಾಗಿರುವುದು. ಕೊಕ್ಕೆ, ಚಮಚ, ಬ್ರಷ್ ಸಾಕು. ಬುಡದ ಕೊನೆಯ ಚಿಟಿಕೆ ಮಣ್ಣನ್ನೂ ಕೆರೆದು ತೆಗೆಯಿರಿ, ಚಿನ್ನ ಇರುವುದೇ ಅಲ್ಲಿ. ಬಂಡೆ ಮೇಲಿನ ಪಾಚಿಯನ್ನೂ ಬಕೆಟ್ಟಿಗೆ ಹಾಕಿಕೊಳ್ಳಿ, ಅದರ ಬುಡದಲ್ಲಿ ಸಣ್ಣ ಪುಡಿ ಸಿಕ್ಕಿಕೊಂಡಿರುತ್ತದೆ.

ಕಪ್ಪುಮರಳು
ಒಬ್ಬರೇ ಹೋಗಬೇಡಿ. ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ, ಯಾಕೆಂದರೆ ಹೋದ ಚಳಿಗಾಲ ಮೊಣಕಾಲುದ್ದದ ನೀರಿನಲ್ಲಿ ಜಾರಿ ಬಿದ್ದು, ಬಕೆಟ್ಟಿನ ಹಿಡಿ ಹಿಡಿಯಲೂ ಬೆರಳು ಮಡಚಲಾಗದೆ ಗೆಳೆಯನ ಕೈ ಹಿಡಿದೇ ಮೇಲೆ ಬಂದವನು ನಾನು. ತಣ್ಣನೆ ನೀರು ಮೈಯ ಬಿಸಿಯನ್ನು ಗಾಳಿಗಿಂತ ಎಷ್ಟೋ ಬೇಗ ಎಳೆದುಕೊಳ್ಳುತ್ತದೆ. ವೇಡರ್ (ನೀರಿಗಿಳಿಯಲು ಹಾಕುವ, ಎದೆವರೆಗೆ ಬರುವ ನೀರು ಹೋಗದ ಉಡುಪು) ಹಾಕಿದರೆ ಸೊಂಟದ ಬೆಲ್ಟ್ ಬಿಗಿಯಾಗಿ ಕಟ್ಟಿ, ಇಲ್ಲದಿದ್ದರೆ ಬಿದ್ದಾಗ ನೀರು ತುಂಬಿಕೊಳ್ಳುತ್ತದೆ. ನಿಯೋಪ್ರೀನ್ (ಚಳಿ ತಡೆಯುವ ದಪ್ಪ ರಬ್ಬರ್) ಕೈಗವಸು, ಒಣಬಟ್ಟೆಯ ಇನ್ನೊಂದು ಜೊತೆ ಬೇಕೇ ಬೇಕು. ದಡದ ಮಂಜುಗಡ್ಡೆಯ ಮೇಲೆ ಕಾಲಿಡಬೇಡಿ, ಕೆಳಗೆ ನೀರು ಇಳಿದು ಟೊಳ್ಳಾಗಿರುತ್ತದೆ.

ತಟ್ಟೆಹಿಡಿ
ನಾನಂತೂ ಚಳಿಯಲ್ಲಿ ಹೊಳೆ ಹತ್ತಿರ ಜಾಲಿಸುವುದೇ ಇಲ್ಲ. ಜರಡಿ ಹಿಡಿದು ದಪ್ಪ ಕಲ್ಲು ಅಲ್ಲೇ ಬಿಟ್ಟು, ಉಳಿದದ್ದನ್ನು ಮನೆಗೆ ತಂದು ಟಬ್ಬಿನಲ್ಲಿ ಬೆಚ್ಚನೆ ನೀರು ತುಂಬಿ ನಿಧಾನವಾಗಿ ಜಾಲಿಸುತ್ತೇನೆ. ಪಾತ್ರೆ ತೊಳೆಯುವ ಸೋಪು ಒಂದು ಹನಿ ಹಾಕಿ. ಇಲ್ಲದಿದ್ದರೆ ಸಣ್ಣ ಪುಡಿ ನೀರಿನ ಮೇಲೆ ತೇಲಿ ಹೊರಗೆ ಹೋಗುತ್ತದೆ. ಕೊನೆಗೆ ತಟ್ಟೆಯಲ್ಲಿ ಚಿನ್ನದ ಜೊತೆ ಉಳಿದ ಕಪ್ಪು ಮರಳನ್ನು (ಕಬ್ಬಿಣದ ಅಂಶವಿರುವ ಭಾರದ ಮರಳು) ಒಣಗಿಸಿ, ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮೇಲೆ ಆಡಿಸಿದರೆ ಬಹುಪಾಲು ಬೇರೆಯಾಗುತ್ತದೆ.

ಇನ್ನೊಂದು ಮಾತು. ಟ್ರೌಟ್, ಸಾಲ್ಮನ್ ಮೀನು ಇರುವ ಹೊಳೆಯಾದರೆ ನೀರಿನೊಳಗಿನ ಗರಸು ಕೆದಕಬೇಡಿ. ಹಲವು ಜಾತಿಗಳು ಶರತ್ಕಾಲದಲ್ಲಿ ಇಟ್ಟ ಮೊಟ್ಟೆ ಚಳಿಗಾಲವೆಲ್ಲ ಅದರಲ್ಲೇ ಇರುತ್ತವೆ. ಅದಕ್ಕೇ ಎಷ್ಟೋ ಕಡೆ ಈ ತಿಂಗಳುಗಳಲ್ಲಿ ಹೊಳೆ ಅಗೆಯಲು ಬಿಡುವುದಿಲ್ಲ. ಮೊದಲು ವಿಚಾರಿಸಿಕೊಳ್ಳಿ.

ಹೊಸಗೈ
ಹಾಗಾದರೆ ನೀರಿಗೆ ಇಳಿಯುವುದೇ ಬೇಡ, ಮೇಲೆ ಬಂದಿರುವ ಬಂಡೆಯ ಬಿರುಕು ಮಾತ್ರ ಕೆರೆಯುತ್ತೇನೆ. ಅಣ್ಣನೂ ಬರುತ್ತೇನೆ ಅಂದಿದ್ದಾನೆ. ಬಿರುಕಿನ ಮಣ್ಣು ಹೆಪ್ಪುಗಟ್ಟಿದ್ದರೆ ಏನು ಮಾಡುತ್ತೀರಿ?

ಜರಡಿ
ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ಯಿರಿ, ಸ್ವಲ್ಪ ಸ್ವಲ್ಪ ಸುರಿದು ಕೆರೆಯಿರಿ. ಬಿಸಿಲು ಬೀಳುವ ಮಗ್ಗುಲಿಂದ ಶುರು ಮಾಡಿ.